ರಂಗನತಿಟ್ಟು: ದ್ವಿಜಗಳ ದ್ವೀಪದಲ್ಲಿ ಅತಿಥಿಧರ್ಮ

ನದಿಯ ನಡುವೆ ತಲೆಯೆತ್ತಿ ನಿಂತ ನೆಲವನ್ನು ನಮ್ಮ ಹಿರಿಯರು ಕುರುವ, ನಡುಗಡ್ಡೆ, ತಿಟ್ಟು ಎಂದು ಹಲವು ಹೆಸರುಗಳಿಂದ ಕರೆದರು. ಸಂಸ್ಕೃತದಲ್ಲಿ ಅದು ದ್ವೀಪ. ಇಬ್ಬದಿಯಲ್ಲಿ ನೀರುಳ್ಳದ್ದು ಎಂಬುದು ಆ ಪದದ ವ್ಯುತ್ಪತ್ತಿ. ಅದೇ ಭಾಷೆಯಲ್ಲಿ ಹಕ್ಕಿಗೆ ದ್ವಿಜ ಎಂಬ ಹೆಸರುಂಟು. ಮೊದಲು ಮೊಟ್ಟೆಯಾಗಿ, ಅನಂತರ ಮರಿಯಾಗಿ ಎರಡು ಬಾರಿ ಹುಟ್ಟುವುದರಿಂದ ಅದು ದ್ವಿಜ. ಈ ಎರಡು ಪದಗಳನ್ನೂ ತರಗತಿಯಲ್ಲಿ ಎಷ್ಟೋ ವರ್ಷ ಬಿಡಿಸಿ ಹೇಳಿದ್ದೇನೆ. ಅವುಗಳ ಅರ್ಥ ಒಂದೆಡೆ ಕೂಡಿ ನನಗೆ ಮನದಟ್ಟಾದದ್ದು ಮಾತ್ರ ಕಾವೇರಿಯ ರಂಗನತಿಟ್ಟಿನಲ್ಲಿ, ದೋಣಿಯ ಹಲಗೆಯ ಮೇಲೆ ಕುಳಿತಾಗ.

ರಂಗನತಿಟ್ಟು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣಕ್ಕೆ ಅತಿ ಸಮೀಪದಲ್ಲಿದೆ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ವ್ಯವಸಾಯಕ್ಕಾಗಿ ನದಿಗೆ ಅಡ್ಡಲಾಗಿ ಒಡ್ಡೊಂದನ್ನು ಕಟ್ಟಿಸಲಾಯಿತು. ಅದರಿಂದ ನೀರು ನಿಂತು ಈ ತಿಟ್ಟುಗಳು ರೂಪುಗೊಂಡವು. ಗದ್ದೆಗೆ ನೀರುಣಿಸಲು ಮಾಡಿದ ಪುಣ್ಯಕಾರ್ಯವು ಹಕ್ಕಿಗಳಿಗೂ ನೆಲೆಯಾಯಿತು. ಪಕ್ಷಿಶಾಸ್ತ್ರಜ್ಞ ಡಾ. ಸಲೀಂ ಅಲಿಯವರು ಈ ಸ್ಥಳದ ಮಹತ್ತ್ವವನ್ನು ಗುರುತಿಸಿ ಅರಸರಿಗೆ ಅರಿಕೆಮಾಡಿಕೊಂಡುದರ ಫಲವಾಗಿ 1940ರಲ್ಲಿ ಇದು ಪಕ್ಷಿಧಾಮವಾಯಿತು. ಒಟ್ಟು ವಿಸ್ತೀರ್ಣ 0.67 ಚದರ ಕಿಲೋಮೀಟರ್ ಮಾತ್ರ. ಆದರೂ 2022ರಲ್ಲಿ ಇದು ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಜೌಗುನೆಲಗಳ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಆ ಗೌರವಕ್ಕೆ ಪಾತ್ರವಾದ ಮೊದಲ ತಾಣವಿದು.

ಇಷ್ಟು ಕಿರಿದಾದ ನೆಲದಲ್ಲಿ ಎಷ್ಟು ಕುಲಗಳು! ತೊರೆಮತ್ತಿ, ಬಿದಿರುಗಳ ಮೇಲೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಬಾಯಿಕಳಕವೆಂಬ ಹಕ್ಕಿಯ ಕೊಕ್ಕಿನ ನಡುವೆ ಸಂದು ಇರುವುದು ಬಸವನಹುಳುವನ್ನು ಹಿಡಿಯಲು ಅನುಕೂಲವಾಗಿ. ಚಮಚದ ಕೊಕ್ಕಿನ ಹಕ್ಕಿ ತನ್ನ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಆಡಿಸಿ ಆಹಾರ ಸೋಸುತ್ತದೆ. ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತವೆ. ನೀರುನಾಯಿಗಳೂ ತೊಗಲುಬಾವಲಿಗಳೂ ಇಲ್ಲಿ ನೆಲೆಸಿವೆ.

ಹಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳು ಈ ತಿಟ್ಟಿನ ಮೇಲೆ ಒಂದು ರಾತ್ರಿ ಗುಡಾರ ಹಾಕಿ ತಂಗಬೇಕೆಂದು ಆಸೆಪಟ್ಟರು. ಅವರ ಪರವಾಗಿ ಮನವಿಪತ್ರವನ್ನು ಬರೆದವನು ನಾನೇ. ಪ್ರೌಢವಾದ ಶೈಲಿಯಲ್ಲಿಯೇ ಬರೆದಿದ್ದೆ. ದ್ವೀಪದ ಮೇಲೆ ಯಾರೂ ಇಳಿಯುವಂತಿಲ್ಲ, ತಂಗುವ ಮಾತಂತೂ ದೂರ ಎಂಬ ಉತ್ತರ ಬಂದಾಗ ನನಗೆ ಮುನಿಸೇ ಬಂದಿತು. ಮಕ್ಕಳಿಗೆ ನಿಸರ್ಗದ ಪಾಠವಾಗುವುದನ್ನು ತಡೆಯುವುದೇಕೆ ಎಂದು ನನ್ನ ವಾದ. ಕೊನೆಗೆ ಹಗಲಿನ ದೋಣಿವಿಹಾರಕ್ಕಷ್ಟೇ ತೃಪ್ತರಾಗಿ ಹೊರಟೆವು.

ದೋಣಿ ತಿಟ್ಟಿನ ಬಳಿಗೆ ಸಾಗಿತು. ಕೊಕ್ಕರೆಗಳ ಸಾಲನ್ನು ಕಂಡು ಮೈಮರೆತ ನಾನು ಪದ್ಯವೊಂದನ್ನು ಗಟ್ಟಿದನಿಯಲ್ಲಿ ಆರಂಭಿಸಿದೆ. ಸಮೀಪದ ಗೂಡಿನಿಂದ ತಾಯಿಹಕ್ಕಿ ಬೆದರಿ ಮೇಲೆದ್ದಿತು. ಎಲ್ಲಿತ್ತೋ ಕಾಗೆಯೊಂದು, ಮರುಗಳಿಗೆಯಲ್ಲಿ ಆ ಕೊಂಬೆಯ ಮೇಲೆ ಬಂದು ಕುಳಿತಿತು. "ಮೇಷ್ಟ್ರೇ, ವಸಿ ಸುಮ್ಕಿರಿ. ಅವು ಮೊಟ್ಟೆ ಮ್ಯಾಲೆ ಕುಂತವೆ" ಎಂದ ಅಂಬಿಗ, ದೋಣಿಯನ್ನು ಮೆಲ್ಲನೆ ಹಿಂದಕ್ಕೆ ಸರಿಸಿದ. ತಾಯಿ ಮರಳಿ ಬಂದಳು, ಕಾಗೆ ಹಾರಿತು. ಶಿಷ್ಯರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಮನವಿಪತ್ರಕ್ಕೆ ನಿಜವಾದ ಉತ್ತರ ಅಲ್ಲಿ ದೊರೆಯಿತು.

ದ್ವಿಜನ ಮೊದಲ ಜನ್ಮಕ್ಕೂ ಎರಡನೆಯ ಜನ್ಮಕ್ಕೂ ನಡುವೆ ಇರುವುದು ತಾಯಿತಂದೆಗಳ ಕಾವು. ತೆರೆದ ಗೂಡಿನಲ್ಲಿ ಮೊಟ್ಟೆಗಳು ಹೆಚ್ಚು ಹೊತ್ತು ಬಿಸಿಲಿಗೆ ಬಿದ್ದರೆ ಒಳಗಿನ ಜೀವಕ್ಕೆ ಕುತ್ತು. ಬಣ್ಣದ ಕೊಕ್ಕರೆ ಸುಡುಬಿಸಿಲಿನಲ್ಲಿ ರೆಕ್ಕೆಗಳನ್ನು ಅಗಲಿಸಿ ನಿಂತು ಮರಿಗಳಿಗೆ ನೆರಳು ಮಾಡುತ್ತದೆ. ಅದು ಬೆದರಿ ಎದ್ದರೆ ಮರಿಗಳ ಕೊಡೆಯನ್ನೇ ಕಿತ್ತುಕೊಂಡಂತೆ. ನದಿಯ ರೀವದಂತಹ ಹಕ್ಕಿಗಳು ಗೂಡನ್ನೇ ಕಟ್ಟದೆ ಬರಿಯ ಬಂಡೆ, ಮರಳುಗಳ ಮೇಲೆ ಮೊಟ್ಟೆಯಿಡುತ್ತವೆ. ಆ ಮೊಟ್ಟೆಗಳ ಬಣ್ಣವೂ ನೆಲದ ಬಣ್ಣವೂ ಒಂದೇ. ಗುಡಾರಕ್ಕೆ ಗೂಟ ಹೊಡೆಯುವವನಿಗೆ ಅವು ಕಾಣುವುದೇ ಇಲ್ಲ.

ರಾತ್ರಿ ಹಕ್ಕಿಗಳೆಲ್ಲ ಮಲಗಿರುತ್ತವೆ, ಆಗ ತಂಗಿದರೆ ಯಾವ ತೊಂದರೆ ಎಂದು ಕೇಳಬಹುದು. ರಾತ್ರಿಯೂ ಅಲ್ಲಿ ದುಡಿಮೆಯ ಹೊತ್ತೇ. ಇರುಳುಬಕಗಳು ಸಂಜೆಗತ್ತಲಾದ ಮೇಲೆ ಬೇಟೆಗೆ ಹೊರಡುತ್ತವೆ, ಬಾವಲಿಗಳು ಹಣ್ಣನ್ನರಸಿ ಹಾರುತ್ತವೆ, ಮೊಸಳೆ ಜಾಗೃತವಾಗುತ್ತದೆ. ಶಿಬಿರದ ದೀಪ, ಹೊಗೆ, ಹಾಡುಗಳಿಗೆ ಅಲ್ಲಿ ಬಿಡುವಾದ ಯಾಮವೇ ಇಲ್ಲ. ಇದನ್ನರಿತೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅಭಯಾರಣ್ಯಗಳ ಪ್ರವೇಶವನ್ನು ಅನುಮತಿಗೆ ಒಳಪಡಿಸಿ, ಅಪಾಯ ತರುವಂತೆ ಬೆಂಕಿ ಹಚ್ಚುವುದನ್ನು ನಿಷೇಧಿಸಿದೆ.

ಹಾಗಾದರೆ ಸಂರಕ್ಷಿತ ದ್ವೀಪಗಳಲ್ಲಿ ತಂಗುವುದು ಎಲ್ಲಿಯೂ ಸಲ್ಲದೇ? ಸಲ್ಲುವ ಕಡೆಗಳೂ ಉಂಟು. ಅಲ್ಲಿನ ನಿಯಮಗಳು ನಮಗೂ ಪಾಠ. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಾಚೆಯ ಐದು ದ್ವೀಪಗಳು 1980ರಲ್ಲಿ ಚಾನೆಲ್ ಐಲೆಂಡ್ಸ್ ರಾಷ್ಟ್ರೀಯ ಉದ್ಯಾನವಾದವು. ಅವು ವಿಸ್ತಾರವಾದ ಸಮುದ್ರದ್ವೀಪಗಳಾದುದರಿಂದ ಗೊತ್ತುಪಡಿಸಿದ ಜಾಗದಲ್ಲಿ, ಮುಂಗಡ ಅನುಮತಿ ಪಡೆದವರು ಗುಡಾರ ಹಾಕಬಹುದು. ಶಿಬಿರಾಗ್ನಿ ಹೊತ್ತಿಸುವಂತಿಲ್ಲ. ತಂದ ಕಸವನ್ನೆಲ್ಲ ತಾವೇ ಹೊತ್ತು ಮರಳಬೇಕು. ಅಲ್ಲಿಯ ಪುಟ್ಟ ದ್ವೀಪನರಿ ಮನುಷ್ಯರ ತಿನಿಸಿಗೆ ಒಗ್ಗಿಹೋಗದಂತೆ ಆಹಾರವನ್ನು ಭದ್ರವಾದ ಪೆಟ್ಟಿಗೆಗಳಲ್ಲಿಡಬೇಕು. ಅವುಗಳಲ್ಲೊಂದಾದ ಅನಕಾಪದಲ್ಲಿ ಹೊರಗಿನಿಂದ ಬಂದು ಸೇರಿದ ಇಲಿಗಳು ಕಡಲಹಕ್ಕಿಗಳ ಮೊಟ್ಟೆಗಳನ್ನು ತಿಂದು ಹಾಕುತ್ತಿದ್ದವು. ಅವುಗಳನ್ನು ನಿರ್ಮೂಲ ಮಾಡಲು 2001 ಮತ್ತು 2002ರಲ್ಲಿ ದೊಡ್ಡ ಕಾರ್ಯಾಚರಣೆಯನ್ನೇ ನಡೆಸಬೇಕಾಯಿತು. ಮೂಟೆಯೊಳಗೆ ಅಡಗಿ ಬರುವ ಒಂದು ಇಲಿ, ಪಾದರಕ್ಷೆಗೆ ಅಂಟಿದ ಒಂದು ಬೀಜ, ಇಷ್ಟೇ ಸಾಕು. ದ್ವೀಪದ ಬಾಳು ಕದಡುತ್ತದೆ. ಅಷ್ಟು ದೊಡ್ಡ ದ್ವೀಪಗಳಿಗೇ ಇಷ್ಟು ಕಟ್ಟುಪಾಡು ಬೇಕಾದರೆ, ಕೊಂಬೆಕೊಂಬೆಗೂ ಗೂಡಿರುವ ನಮ್ಮ ತಿಟ್ಟಿನಲ್ಲಿ ಗುಡಾರಕ್ಕೆ ಎಡೆಯೆಲ್ಲಿ?

ಶಾಲೆಯಿಂದ ಪ್ರವಾಸ ಕರೆದೊಯ್ಯುವ ಅಧ್ಯಾಪಕಬಂಧುಗಳಿಗೆ ಕೆಲವು ಸೂಚನೆಗಳು. ಜೂನ್‌ನಿಂದ ನವೆಂಬರ್‌ವರೆಗೆ ಅನೇಕ ಹಕ್ಕಿಗಳು ಗೂಡು ಕಟ್ಟುವ ಕಾಲ. ಚಳಿಗಾಲದಲ್ಲಿ ವಲಸೆಹಕ್ಕಿಗಳು ಬರುತ್ತವೆ. ಆದರೆ ಮಳೆಗಾಲದಲ್ಲಿ ಮೇಲಿರುವ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ತಿಟ್ಟುಗಳು ಮುಳುಗುತ್ತವೆ, ದೋಣಿವಿಹಾರ ನಿಲ್ಲುತ್ತದೆ. ಆದ್ದರಿಂದ ಹೊರಡುವ ಮುನ್ನ ವಿಚಾರಿಸುವುದು ಅವಶ್ಯ. ಶಿಬಿರವನ್ನು ಶ್ರೀರಂಗಪಟ್ಟಣದಲ್ಲೋ ಮೈಸೂರಿನಲ್ಲೋ ಏರ್ಪಡಿಸಿ, ಬೆಳಗ್ಗೆ ಪಕ್ಷಿಧಾಮದ ಬಾಗಿಲು ತೆರೆಯುವ ಹೊತ್ತಿಗೆ ತಲಪಿದರೆ ನೋಟ ಚೆನ್ನ. ದೋಣಿಯಲ್ಲಿ ಕೈಯನ್ನು ನೀರಿಗಿಳಿಸಬಾರದು, ಎದ್ದು ನಿಲ್ಲಬಾರದು, ಚಪ್ಪಾಳೆ ತಟ್ಟಬಾರದು, ಹಕ್ಕಿಗಳಿಗೆ ಏನನ್ನೂ ಎಸೆಯಬಾರದು. ಒಂದು ದುರ್ಬೀನು, ಒಂದು ಟಿಪ್ಪಣಿ ಪುಸ್ತಕ, ಒಂದಿಷ್ಟು ಮೌನ ಜೊತೆಗಿದ್ದರೆ ಪ್ರವಾಸಕ್ಕೆ ಸಾಕು. ಪದ್ಯವನ್ನು ದಡಕ್ಕೆ ಬಂದು ಹೇಳಬಹುದು!

ಇದೇ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಅವು ಬಂದರೆ ಶುಭವೆಂದು ಊರವರು ನಂಬಿ ಕಾಪಾಡಿಕೊಂಡು ಬಂದಿದ್ದಾರೆ. ಚರಿಸುತ್ತಾ ಬಂದ ಜಂಗಮರಿಗೆ ದಾಸೋಹ ಮಾಡಿದ ನಾಡಿನಲ್ಲಿ ಅದು ಸಹಜವೇ ಸರಿ. ಬೆಳ್ಳೂರಿನಲ್ಲಿ ಹಕ್ಕಿ ಅತಿಥಿ, ನಾವು ಗೃಹಸ್ಥರು. ರಂಗನತಿಟ್ಟಿನಲ್ಲಿ ಹಕ್ಕಿಯೇ ಗೃಹಸ್ಥ, ನಾವು ಅತಿಥಿಗಳು. ಆತಿಥ್ಯ ನೀಡುವ ಧರ್ಮವನ್ನು ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದ ನಮ್ಮ ಮಕ್ಕಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಅತಿಥಿಯಾಗಿ ಹೋದಾಗ ಹೊಸ್ತಿಲಲ್ಲಿ ನಿಂತು, ಕಂಡಷ್ಟಕ್ಕೆ ಸಂತೋಷಪಟ್ಟು, ಹೊತ್ತು ಮೀರುವ ಮುನ್ನ ಹಿಂದಿರುಗುವ ಧರ್ಮವನ್ನು ಕಲಿಸೋಣ. ಅದನ್ನು ನಾನೂ ತಡವಾಗಿಯೇ ಕಲಿತೆ, ಅಂಬಿಗನೊಬ್ಬನಿಂದ.