ಸುಟ್ಟ ಗಾಯಕ್ಕೆ ಯಾವ ಮುಲಾಮು?

ಕುದಿಯುವ ಸಾರು ಕೈಮೇಲೆ ಚೆಲ್ಲುವುದು, ದೀಪಾವಳಿಯಲ್ಲಿ ಸುರುಸುರುಬತ್ತಿಯ ಕಾದ ಕಂಬಿ ತುಳಿಯುವುದು, ಬೈಕಿನ ಸೈಲೆನ್ಸರ್ ಕಾಲಿಗೆ ತಗಲುವುದು - ಇಂಥ ಅವಘಡ ನಡೆಯದ ಮನೆ ಅಪರೂಪ. ಆ ಗಳಿಗೆಯಲ್ಲಿ ಮನೆಮಂದಿಯೆಲ್ಲ ವೈದ್ಯರೇ! ಒಬ್ಬರು ಟೂತ್‌ಪೇಸ್ಟ್ ತಂದರೆ ಇನ್ನೊಬ್ಬರು ಶಾಯಿ ಸುರಿಯುತ್ತಾರೆ, ಮತ್ತೊಬ್ಬರು ಬೆಣ್ಣೆ ಸವರುತ್ತಾರೆ. ಕೆಲವರು ಔಷಧದ ಅಂಗಡಿಗೆ ಓಡುತ್ತಾರೆ. ನಿಜಕ್ಕೂ ಯಾವುದನ್ನು ಹಚ್ಚಿದರೆ ಗಾಯ ಬೇಗ ಮಾಯುತ್ತದೆ? ಇದನ್ನು ತಿಳಿಯಲು ಮೊದಲು ಚರ್ಮದ ರಚನೆಯನ್ನು ಅರಿಯಬೇಕು.

ನಮ್ಮ ಚರ್ಮಕ್ಕೆ ಹೊರಚರ್ಮ, ಒಳಚರ್ಮ ಎಂಬ ಎರಡು ಪದರಗಳಿವೆ. ಹೊರಚರ್ಮ ಮಾತ್ರ ಸುಟ್ಟರೆ ಕೆಂಪಾಗಿ ಉರಿದು ಕೆಲವೇ ದಿನಗಳಲ್ಲಿ ವಾಸಿಯಾಗುತ್ತದೆ. ಒಳಚರ್ಮದ ಸ್ವಲ್ಪ ಭಾಗವೂ ಸುಟ್ಟರೆ ಗುಳ್ಳೆಗಳೇಳುತ್ತವೆ, ನೋವು ಹೆಚ್ಚು. ಇದೇ ಭಾಗಶಃ ಆಳದ ಸುಟ್ಟ ಗಾಯ. ಇಲ್ಲಿ ರೋಮಕೂಪಗಳೂ ಬೆವರಿನ ಗ್ರಂಥಿಗಳೂ ಪೂರ್ತಿ ನಾಶವಾಗಿರುವುದಿಲ್ಲ. ಅವುಗಳ ಒಳಗೋಡೆಯ ಜೀವಕೋಶಗಳು ವಿಭಜನೆಯಾಗುತ್ತ ಗಾಯದ ಮೇಲೆ ಹರಡಿ ಹೊಸ ಹೊರಚರ್ಮವನ್ನು ಕಟ್ಟುತ್ತವೆ. ದನ ಮೇಯ್ದ ಮೇಲೂ ಬೇರು ಉಳಿದಿದ್ದರೆ ಗರಿಕೆ ಚಿಗುರುತ್ತದಲ್ಲವೇ? ಹಾಗೆಯೇ ಇದು.

ಆದ್ದರಿಂದ ಮುಲಾಮು ಎರಡು ಕೆಲಸ ಮಾಡಬೇಕು. ರೋಗಾಣುಗಳನ್ನು ತಡೆಯಬೇಕು, ಚಿಗುರುವ ಜೀವಕೋಶಗಳಿಗೆ ಅಡ್ಡಿಯಾಗಬಾರದು.

1968ರಲ್ಲಿ ಅಮೆರಿಕದ ಚಾರ್ಲ್ಸ್ ಫಾಕ್ಸ್ ಬಳಕೆಗೆ ತಂದ ಸಿಲ್ವರ್ ಸಲ್ಫಾಡಯಾಜಿನ್ ಎಂಬ ಬಿಳಿ ಮುಲಾಮು ಮೊದಲ ಕೆಲಸದಲ್ಲಿ ನಿಪುಣ. ಅದರಲ್ಲಿರುವ ಬೆಳ್ಳಿಯ ಅಯಾನುಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ದಶಕಗಳ ಕಾಲ ಆಸ್ಪತ್ರೆಗಳು ಇದನ್ನೇ ನೆಚ್ಚಿಕೊಂಡವು. ಆದರೆ ಇದು ಹೊಸ ಚರ್ಮದ ಜೀವಕೋಶಗಳಿಗೂ ಹಾನಿ ಮಾಡಬಲ್ಲದು. 30 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2013ರ ವರದಿಯ ಪ್ರಕಾರ, ಸಿಲಿಕೋನ್ ಲೇಪಿತ ಪಟ್ಟಿ ಮುಂತಾದ ಹೊಸ ಬಗೆಯ ಪಟ್ಟಿಗಳಿಗಿಂತ ಈ ಮುಲಾಮು ಗಾಯ ಮಾಯಿಸುವುದರಲ್ಲಿ ಹಿಂದೆ. ಸಲ್ಫಾ ಔಷಧ ಒಗ್ಗದವರಿಗೂ ಎಳೆಗೂಸುಗಳಿಗೂ ಇದು ಸಲ್ಲದು.

ಹಾಗಾದರೆ ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬಹುದೇ? ಅದೂ ಸರಿಯಲ್ಲ. ಗಾಯವನ್ನು ತೇವವಾಗಿ ಮುಚ್ಚಿಟ್ಟರೆ ಹೊಸ ಚರ್ಮ ಬೇಗ ಹರಡುತ್ತದೆಂದು ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು.

ಲೋಳೆಸರ, ಜೇನುತುಪ್ಪಗಳೂ ಪರೀಕ್ಷೆಗೆ ಒಳಪಟ್ಟಿವೆ. 1995ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಅಧ್ಯಯನದಲ್ಲಿ ಲೋಳೆಸರ ಹಚ್ಚಿದ ಗಾಯ ಸರಾಸರಿ 12 ದಿನಗಳಲ್ಲಿ, ವ್ಯಾಸಲೀನ್ ಪಟ್ಟಿ ಕಟ್ಟಿದ ಗಾಯ 18 ದಿನಗಳಲ್ಲಿ ಮಾಯಿತು. ಜೇನಿನ ಪಟ್ಟಿ ಸಾಮಾನ್ಯ ಪಟ್ಟಿಗಳಿಗಿಂತ ಗಾಯವನ್ನು ನಾಲ್ಕೈದು ದಿನ ಬೇಗ ಮಾಯಿಸುತ್ತದೆಂದು ಕಾಕ್ರೇನ್ ಸಂಸ್ಥೆಯ 2015ರ ವರದಿ ಹೇಳಿತು. ಆದರೆ ಬೆಳ್ಳಿಯ ಮುಲಾಮಿಗಿಂತ ಅದು ಮೇಲು ಎನ್ನಲು ಸಿಕ್ಕ ಪುರಾವೆ ಮಾತ್ರ ತೀರಾ ದುರ್ಬಲ ಎಂದಿತು.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಲ್ಲೇ ಇದೆ. 'ಇದು ಉತ್ತಮ' ಎಂದು ಯಾರಾದರೂ ಹೇಳಿದಾಗ 'ಯಾವುದಕ್ಕಿಂತ ಉತ್ತಮ? ಎಷ್ಟು ಜನರಲ್ಲಿ? ಗಾಯಗಳ ಆಳ ಒಂದೇ ಆಗಿತ್ತೇ?' ಎಂದು ಕೇಳಿ. ಆ ಲೋಳೆಸರದ ಅಧ್ಯಯನದಲ್ಲಿದ್ದವರು 27 ರೋಗಿಗಳು ಮಾತ್ರ! ಇನ್ನು, ಚಿಕಿತ್ಸೆಗೆ ಬಳಸುವ ಜೇನು ರೋಗಾಣುರಹಿತಗೊಳಿಸಿದ್ದು. ಅಡುಗೆಮನೆಯ ಜೇನಿನಲ್ಲಿ ಬ್ಯಾಕ್ಟೀರಿಯಾಗಳ ಬೀಜಕಗಳಿರಬಹುದು. ಅದನ್ನು ಗಾಯಕ್ಕೆ ಸವರಬಾರದು.

ಪೋಷಕರು ನೆನಪಿಡಬೇಕಾದದ್ದು ಇಷ್ಟು: ಯಾವ ಮುಲಾಮಿಗೂ ಮೊದಲು ನೀರು. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಮೂರು ಗಂಟೆಯೊಳಗೆ ಮಾಡಿದರೂ ಪ್ರಯೋಜನವುಂಟು. ಮಂಜುಗಡ್ಡೆ ಬೇಡ. ಊತ ಬರುವ ಮುಂಚೆಯೇ ಬಳೆ, ಉಂಗುರ ತೆಗೆಯಿರಿ. ಗುಳ್ಳೆ ಒಡೆಯದೆ ಶುಭ್ರವಾದ ಬಟ್ಟೆ ಮುಚ್ಚಿ. ಟೂತ್‌ಪೇಸ್ಟ್, ಶಾಯಿ, ಬೆಣ್ಣೆಗಳು ಸೋಂಕಿಗೆ ದಾರಿ ಮಾಡುವುದಲ್ಲದೆ, ಗಾಯದ ಆಳ ವೈದ್ಯರಿಗೆ ಕಾಣದಂತೆ ಮರೆಮಾಡುತ್ತವೆ.

ಗಾಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಕೀಲುಗಳ ಮೇಲಿದ್ದರೆ, ಗಾಯಗೊಂಡದ್ದು ಪುಟ್ಟ ಮಗುವಾದರೆ, ವಿದ್ಯುತ್ತಿನಿಂದ ಅಥವಾ ರಾಸಾಯನಿಕದಿಂದ ಸುಟ್ಟಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬೆಳ್ಳಗೋ ಕಪ್ಪಗೋ ಆಗಿ ನೋವೇ ಇಲ್ಲದ ಗಾಯ ಇನ್ನೂ ಅಪಾಯಕಾರಿ. ಅಲ್ಲಿ ನೋವು ತಿಳಿಸುವ ನರಗಳೇ ಸುಟ್ಟಿರುತ್ತವೆ. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆಯೂ ವೈದ್ಯರನ್ನು ಕೇಳಿ. ಮುಲಾಮಿನ ಆಯ್ಕೆ ಅವರಿಗಿರಲಿ, ನಲ್ಲಿ ತಿರುಗಿಸುವ ಕೆಲಸ ನಿಮ್ಮದು.