ವಿದ್ಯುನ್ಮಂಡಲ ವಿನ್ಯಾಸದ ಮುಕ್ತ ತಂತ್ರಾಂಶಗಳು: ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳ ಬಳಕೆಗೆ ಅಪೇಕ್ಷಿತ ಸುಧಾರಣೆಗಳು

ಪೀಠಿಕೆ

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳಲ್ಲಿ ಕಬ್ಬು ಮೊದಲಾದ ಬೆಳೆಗಳಿಗೆ ಬಾವಿ ಹಾಗೂ ಕೊಳವೆಬಾವಿಗಳ ಪಂಪ್‌ಸೆಟ್‌ಗಳೇ ಆಧಾರ. ಮೂರು ಫೇಸುಗಳ ಪೈಕಿ ಒಂದು ಕಡಿದುಹೋದಲ್ಲಿ ಉಳಿದ ಎರಡರಲ್ಲಿ ವಿದ್ಯುತ್ ಪ್ರವಾಹವು ಹೆಚ್ಚಿ ಮೋಟಾರಿನ ಸುರುಳಿ ಸುಟ್ಟುಹೋಗುತ್ತದೆ. ರೈತರಿಗೆ ರೀವೈಂಡಿಂಗ್ ವೆಚ್ಚದೊಡನೆ ಬೆಳೆಗೆ ನೀರಿಲ್ಲದ ದಿನಗಳ ನಷ್ಟವೂ ಉಂಟಾಗುತ್ತದೆ. ಇದನ್ನು ತಡೆಯುವ ಫೇಸ್ ರಕ್ಷಣಾ ಸಾಧನವು ಕೆಲವೇ ಬಿಡಿಭಾಗಗಳ ವಿದ್ಯುನ್ಮಂಡಲವಾಗಿದ್ದು, ಇಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಇದನ್ನು ವಿನ್ಯಾಸಗೊಳಿಸಬಹುದಾಗಿದೆ. ಬಸವಕಲ್ಯಾಣದಲ್ಲಿ ಇಂಜಿನಿಯರಿಂಗ್ ಕಾಲೇಜು ಹಾಗೂ ಹುಮನಾಬಾದದಲ್ಲಿ ಕೈಗಾರಿಕಾ ಪ್ರದೇಶ ಇರುವುದರಿಂದ ಇಂತಹ ಕಾರ್ಯಕ್ಕೆ ಸ್ಥಳೀಯವಾಗಿಯೇ ಅವಕಾಶವಿದೆ. ಇದಕ್ಕೆ ಬೇಕಾದ ತಂತ್ರಾಂಶವು ಶುಲ್ಕವಿಲ್ಲದೆ ದೊರೆಯುತ್ತದೆಯಾದರೂ, ಸ್ಥಳೀಯ ಅಗತ್ಯಗಳಿಗೆ ಅದು ಇನ್ನೂ ಪೂರ್ಣವಾಗಿ ಹೊಂದಿಕೊಂಡಿಲ್ಲ.

ಲಭ್ಯವಿರುವ ತಂತ್ರಾಂಶಗಳು

ಫ್ರಾನ್ಸಿನಲ್ಲಿ ಜೀನ್-ಪಿಯೆರ್ ಶರಾಸ್ ಅವರು 1992ರಲ್ಲಿ ಆರಂಭಿಸಿದ ಕಿಕ್ಯಾಡ್, ಮಂಡಲದ ನಕ್ಷೆ ಹಾಗೂ ಪಿ.ಸಿ.ಬಿ. ಫಲಕವನ್ನು ಸಿದ್ಧಪಡಿಸುವ ತಂತ್ರಾಂಶ. ಎನ್‌ಜಿಸ್ಪೈಸ್, ಮಂಡಲದ ವರ್ತನೆಯನ್ನು ಗಣಕಯಂತ್ರದಲ್ಲೇ ಲೆಕ್ಕಹಾಕಿ ತೋರಿಸುತ್ತದೆ. ಮುಂಬಯಿಯ ಐ.ಐ.ಟಿ.ಯ ಫಾಸ್ಸೀ ಯೋಜನೆಯು ಇವೆರಡನ್ನೂ ಜೋಡಿಸಿ ಇ-ಸಿಮ್ ಎಂಬ ತಂತ್ರಾಂಶವನ್ನು ರೂಪಿಸಿದೆ.

ಮೋಟಾರು ಚಾಲನೆಯಲ್ಲಿರುವಾಗ ಕಡಿದ ಫೇಸಿನ ತಂತಿಯಲ್ಲಿಯೂ ಅದು ಸ್ವತಃ ವೋಲ್ಟೇಜನ್ನು ಉಂಟುಮಾಡುತ್ತದೆ. ಆದ್ದರಿಂದ ವೋಲ್ಟೇಜನ್ನು ಮಾತ್ರ ಗಮನಿಸುವ ಸಾಧನವು ಮೋಸಹೋಗಬಹುದು. 415 ವೋಲ್ಟ್ ತಂತಿಗಳ ಮೇಲೆ ನೇರ ಪ್ರಯೋಗವು ಅಪಾಯಕರ. ಇಂತಹ ದೋಷವನ್ನು ಗಣಕಯಂತ್ರದಲ್ಲಿಯೇ ಮುಂಚಿತವಾಗಿ ಕಂಡುಕೊಳ್ಳುವುದು ತಂತ್ರಾಂಶದ ಮುಖ್ಯ ಪ್ರಯೋಜನವಾಗಿದೆ.

ಅಪೇಕ್ಷಿತ ಸುಧಾರಣೆಗಳು

1. ಬಿಡಿಭಾಗಗಳ ಸಂಗ್ರಹ: ಒಂದು ಬಿಡಿಭಾಗಕ್ಕೆ ನಕ್ಷೆಯ ಚಿಹ್ನೆ, ಫಲಕದ ಮೇಲಿನ ಅಳತೆ ಹಾಗೂ ಲೆಕ್ಕಾಚಾರದ ಮಾದರಿ ಎಂಬ ಮೂರು ಅಂಗಗಳಿವೆ. ಚಿಹ್ನೆ ಇದ್ದರೂ ಮಾದರಿ ಇಲ್ಲದಿದ್ದಲ್ಲಿ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಸ್ಥಳೀಯ ಅಂಗಡಿಗಳಲ್ಲಿ ದೊರೆಯುವ ರಿಲೇ ಹಾಗೂ ಟ್ರಾನ್ಸ್‌ಫಾರ್ಮರುಗಳ ಮತ್ತು ಮೂರು ಫೇಸ್ ಮೋಟಾರಿನ ಮಾದರಿಗಳು ಒಂದೆಡೆ ಸಿದ್ಧವಾಗಿ ದೊರೆಯಬೇಕು.

2. ದೋಷ ಸೂಚನೆಗಳು: ನೆಲಸಂಪರ್ಕಕ್ಕೆ ನೇರವಿದ್ಯುತ್ತಿನ ದಾರಿಯಿಲ್ಲದ ಬಿಂದುವೊಂದು ಮಂಡಲದಲ್ಲಿ ಉಳಿದರೆ ಎನ್‌ಜಿಸ್ಪೈಸ್ 'ಸಿಂಗ್ಯುಲರ್ ಮ್ಯಾಟ್ರಿಕ್ಸ್' ಎಂಬ ಸೂಚನೆ ನೀಡಬಹುದು. ಹೊಸ ಕಲಿಕೆಯವರಿಗೆ ಇದರಿಂದ ಕಾರಣ ತಿಳಿಯದು. ಹೆಚ್ಚಿನ ಮೌಲ್ಯದ ರೋಧಕವೊಂದನ್ನು ಆ ಬಿಂದುವಿನಿಂದ ನೆಲಸಂಪರ್ಕಕ್ಕೆ ಜೋಡಿಸಿದರೆ ಸಾಮಾನ್ಯವಾಗಿ ಪರಿಹಾರ ದೊರೆಯುತ್ತದೆ. ಇಂತಹ ಪರಿಹಾರವು ಸೂಚನೆಯೊಡನೆಯೇ, ಸರಳ ಕನ್ನಡದಲ್ಲಿ ಕಾಣಿಸುವುದು ಅವಶ್ಯಕ.

3. ಸುರಕ್ಷತೆ: ಕಿಕ್ಯಾಡ್‌ನಲ್ಲಿ ತಾಮ್ರದ ಗೆರೆಗಳ ನಡುವಿನ ಅಂತರವು ಮೂಲತಃ 0.2 ಮಿ.ಮೀ. ಎಂದು ನಿಗದಿಯಾಗಿರುತ್ತದೆ. ಕಡಿಮೆ ವೋಲ್ಟೇಜಿಗೆ ಇದು ಸಾಕಾದರೂ 415 ವೋಲ್ಟಿಗೆ ಸಾಲದು. 2025ರ 9ನೇ ಆವೃತ್ತಿಯಲ್ಲಿ ಫಲಕದ ಮೇಲ್ಮೈ ಅಂತರವನ್ನು ಪರೀಕ್ಷಿಸುವ ಸೌಲಭ್ಯ ಸೇರಿದೆ. ಆದರೆ ನಿಯಮವನ್ನು ಬಳಕೆದಾರರೇ ನಮೂದಿಸಬೇಕು. ವೋಲ್ಟೇಜನ್ನು ತಿಳಿಸಿದೊಡನೆ ತಂತ್ರಾಂಶವೇ ಸೂಕ್ತ ಅಂತರವನ್ನು ಸೂಚಿಸಿ ಎಚ್ಚರಿಸುವಂತಾಗಬೇಕು.

4. ಕಡತಗಳ ಹೊಂದಾಣಿಕೆ: ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತವು ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಪ್ರಯೋಗಾಲಯದ ಹಳೆಯ ಗಣಕಯಂತ್ರ ಹಾಗೂ ವಿದ್ಯಾರ್ಥಿಯ ಹೊಸ ಗಣಕಯಂತ್ರಗಳ ನಡುವೆ ಕೆಲಸ ಸಾಗಲು, ಹಳೆಯ ರೂಪದಲ್ಲಿ ಉಳಿಸುವ ಅನುಕೂಲ ಅಪೇಕ್ಷಣೀಯ.

5. ಏಕಪದರ ಫಲಕಗಳು: ಫೆರಿಕ್ ಕ್ಲೋರೈಡ್ ಬಳಸಿ ಕಾಲೇಜಿನಲ್ಲಿಯೇ ತಯಾರಿಸುವ ಫಲಕಗಳಿಗೆ ಸಾಮಾನ್ಯವಾಗಿ ಒಂದೇ ಬದಿಯಲ್ಲಿ ತಾಮ್ರವಿರುತ್ತದೆ. ಅಗಲವಾದ ಗೆರೆಗಳು ಮತ್ತು ಜೋಡಣೆ ತಂತಿಗಳಿಗೆ ಅನುವಾಗುವ ಸಿದ್ಧ ವಿನ್ಯಾಸ ನಮೂನೆಗಳು ಬೇಕಾಗಿವೆ.

ಬಳಕೆದಾರರ ಪಾತ್ರ

ಈ ತಂತ್ರಾಂಶಗಳ ಮೂಲ ಸಂಕೇತವು ಮುಕ್ತವಾಗಿರುವುದರಿಂದ ಮೇಲ್ಕಂಡ ಸುಧಾರಣೆಗಳಿಗೆ ಅನ್ಯರನ್ನೇ ಕಾಯಬೇಕಾಗಿಲ್ಲ. ಅಂಗಡಿಯಲ್ಲಿ ದೊರೆತ ರಿಲೇಯ ಪಿನ್ನುಗಳ ಅಂತರವನ್ನು ಅಳೆದು ಸಂಗ್ರಹಕ್ಕೆ ಸೇರಿಸುವುದು, ಸೂಚನೆಗಳನ್ನು ಕನ್ನಡಕ್ಕೆ ತರುವುದು, ಕಂಡ ದೋಷವನ್ನು ಆವೃತ್ತಿ ಸಂಖ್ಯೆ ಹಾಗೂ ಕಡತದೊಡನೆ ವರದಿ ಮಾಡುವುದು ವಿದ್ಯಾರ್ಥಿಗಳಿಂದಲೂ ಸಾಧ್ಯ. ಐ.ಐ.ಟಿ. ಮುಂಬಯಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಒದಗಿಸುತ್ತಿದೆ.

ಒಬ್ಬರು ಸೇರಿಸಿದ ಬಿಡಿಭಾಗದ ಮಾದರಿಯು ನಂತರದ ಎಲ್ಲ ಬಳಕೆದಾರರಿಗೂ ದೊರೆಯುತ್ತದೆ. ಫೇಸ್ ರಕ್ಷಣಾ ಸಾಧನದ ಪರೀಕ್ಷಿತ ವಿನ್ಯಾಸವನ್ನು ಬಸವಕಲ್ಯಾಣದ ವಿದ್ಯಾರ್ಥಿಯು ಮುಕ್ತವಾಗಿ ಪ್ರಕಟಿಸಿದಲ್ಲಿ ಹುಮನಾಬಾದದ ದುರಸ್ತಿಗಾರರು ಅದನ್ನು ನೋಡಿ ತಯಾರಿಸಬಹುದು, ಸರಿಪಡಿಸಲೂಬಹುದು. ಆದಾಗ್ಯೂ ಗಣಕಯಂತ್ರದಲ್ಲಿ ಸರಿಯೆಂದು ಕಂಡ ಸಾಧನವನ್ನು ಹೊಲದ ಸ್ಟಾರ್ಟರಿಗೆ ಅಳವಡಿಸುವ ಮುನ್ನ ಅರ್ಹ ವಿದ್ಯುತ್ ತಂತ್ರಜ್ಞರಿಂದ ಪರೀಕ್ಷಿಸುವುದು ಕಡ್ಡಾಯವೆಂದು ತಿಳಿಯತಕ್ಕದ್ದು.