ಎಳ್ಳಮಾವಾಸ್ಯೆಗೆ ರೋಣಕ್ಕೆ ಹೋಗಿದ್ದೆ

ಬಾದಾಮಿ, ಪಟ್ಟದಕಲ್ಲು ನೋಡಲು ಹೊರಟ ನಮ್ಮ ದಕ್ಷಿಣ ಕನ್ನಡದವರು ಗದಗ ದಾಟಿದ ಮೇಲೆ ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಾರೆ. ಎರಡು ಸಲ ನಾನೂ ಹೊಡೆದಿದ್ದೇನೆ. ಮೂರನೆಯ ಸಲ ನಡುವೆಯೇ ಇಳಿಯುವ ಯೋಗ ಬಂತು. ಧಾರವಾಡದ ಕೃಷಿಮೇಳದಲ್ಲಿ ಪರಿಚಯವಾಗಿದ್ದ ರೋಣದ ಹತ್ತಿರದ ರೈತ ಮಿತ್ರರೊಬ್ಬರು ಫೋನಿನಲ್ಲಿ ಬಿಡಲೇ ಇಲ್ಲ. "ಎಳ್ಳಮಾಸಿಗೆ ಬರ್ರೀ. ಗುಡಿ, ಕೋಟಿ ಎಲ್ಲಾ ಆಮ್ಯಾಲೆ ನೋಡೂಣು. ಮೊದಲ ಹೊಲದಾಗ ಉಣ್ಣೂಣು."

"ರೋಣದಲ್ಲಿ ನೋಡಲಿಕ್ಕೆ ಏನುಂಟು ಮಾರಾಯ್ರೆ?" ಎಂದರು ನೆರೆಮನೆಯವರು. ಅಡಿಕೆ ಸುಲಿಯುವ ಕೆಲಸ ಬಾಕಿ ಇತ್ತು. ಆದರೂ ಹೊರಟೆ.

ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮಳೆ ಬಿದ್ದರೂ ಮಾರ್ಚ್ ಬಂತೆಂದರೆ ತೋಟದ ನೀರಿನ ಚಿಂತೆ. ಅಲ್ಲಿ ಬೀಳುವುದು ಸುಮಾರು 600 ಮಿ.ಮೀ. ಹಿಂಗಾರಿ ಬೆಳೆಗೆ ಒಂದು ಹನಿ ನೀರು ಹಾಯಿಸದೆ ಜೋಳ, ಕಡಲೆ, ಗೋಧಿ ತೆಗೆಯುತ್ತಾರೆ. ಇದು ಹೇಗೆಂದು ಕಣ್ಣಾರೆ ನೋಡಬೇಕೆನ್ನುವುದು ನನ್ನ ಹಳೆಯ ಆಸೆ. ಹೊಲಕ್ಕೆ ಕಾಲಿಟ್ಟೊಡನೆ ಮಿತ್ರರು ಎರೆಮಣ್ಣಿನ ಬಿರುಕೊಂದನ್ನು ತೋರಿಸಿ ಕೈ ಹಾಕಿ ಎಂದರು. ಮೊಣಕೈವರೆಗೆ ಹೋಯಿತು. ಬೆರಳಿಗೆ ತಣ್ಣಗೆ ತಾಗಿತು. ಮೇಲೆ ಒಣಗಿ ಬಾಯಿಬಿಟ್ಟ ನೆಲ, ಅಡಿಯಲ್ಲಿ ಸೆಪ್ಟೆಂಬರ್-ಅಕ್ಟೋಬರದ ಮಳೆಯ ತೇವ. ಆ ತೇವವೇ ಅವರ ಪಂಪ್‌ಸೆಟ್ಟು.

ಎಳ್ಳಮಾವಾಸ್ಯೆ ದಿನ ಊರಿನಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಹೊಲಕ್ಕೆ. ಹಿಂದೆ ಸವಾರಿ ಬಂಡಿ ಕಟ್ಟುತ್ತಿದ್ದರಂತೆ, ಈಗ ಟ್ರ್ಯಾಕ್ಟರ್ ಜಾಸ್ತಿ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡಿದರು. ತಂದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಹೊಲದ ಸುತ್ತ ಕೂಗುತ್ತ ಎರಚಿದರು. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಭೂಮಿತಾಯಿಗೆ ಬಡಿಸಿ ಆಮೇಲೆ ನಮಗೆ.

ಈಗ ಊಟದ ವಿಷಯ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬಿಳಿಜೋಳದ ರೊಟ್ಟಿ. ಎಣ್ಣೆಗಾಯಿ ಬದನೆ. ಹುಳಿಹುಳಿಯಾದ ಪುಂಡಿಪಲ್ಯ. ಮಡಿಕೆಕಾಳಿನ ಪಲ್ಯ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ (ನಮ್ಮಲ್ಲಿ ಚಟ್ನಿಪುಡಿ ಎನ್ನುತ್ತೇವಲ್ಲ, ಅದು). ಕೆಂಪು ಖಾರ. ಜೊತೆಗೆ ಹಸಿ ಉಳ್ಳಾಗಡ್ಡಿ, ಮೆಂತೆಸೊಪ್ಪು, ಅಲ್ಲೇ ಬದುವಿನಲ್ಲಿ ಕಿತ್ತ ಹಕ್ಕರಕಿ ಸೊಪ್ಪು. ಸೊಪ್ಪನ್ನು ತೊಳೆದು ಹಸಿಯಾಗಿಯೇ ರೊಟ್ಟಿಯೊಂದಿಗೆ ಕಚ್ಚುವುದು. ಕೊನೆಗೆ ಶೇಂಗಾ ಹೋಳಿಗೆ, ಮಜ್ಜಿಗೆ ಹಾಕಿದ ಜೋಳದ ನುಚ್ಚು. ಮೂರು ರೊಟ್ಟಿ ಮುಗಿಸಿದ ಮೇಲೂ ನಾನು ಅಭ್ಯಾಸಬಲದಿಂದ ಅನ್ನಕ್ಕಾಗಿ ಅತ್ತಿತ್ತ ನೋಡುತ್ತಿದ್ದೆ. ಮಿತ್ರರ ತಾಯಿ ಅದನ್ನು ಕಂಡುಹಿಡಿದರು. "ಅನ್ನ ತಂದಿಲ್ರೀ ತಮ್ಮಾ. ಇನ್ನೊಂದ ರೊಟ್ಟಿ ತಗೋರಿ." ನಾಚಿಕೆಯಾಯಿತು. ತಗೊಂಡೆ.

ತಟ್ಟೆಯಲ್ಲಿದ್ದ ಹೆಚ್ಚಿನದೆಲ್ಲ ಆ ಎಂಟು ಎಕರೆಯದ್ದೇ. ಕಡಲೆಯ ನಡುವೆ, ಜೋಳದ ಸುತ್ತ ಕುಸುಬೆಯ ಅಕ್ಕಡಿ ಸಾಲು. ಎಳೆಯದಿದ್ದಾಗ ಅದರ ಎಲೆ ಪಲ್ಯಕ್ಕಾಗುತ್ತದೆ, ಬಲಿತ ಮೇಲೆ ಮುಳ್ಳು. ದನ ಒಳಗೆ ನುಗ್ಗುವುದಿಲ್ಲ, ಬೇಲಿಯ ಖರ್ಚಿಲ್ಲ, ಮನೆಗೆ ಎಣ್ಣೆ! ಹಸಿ ಕಡಲೆಗೆ ಅಲ್ಲಿ ಸುಲಗಾಯಿ ಎಂದು ಹೆಸರು. ಗಿಡಸಮೇತ ಕಿತ್ತು ಸುಲಿಯುತ್ತ, ತಿನ್ನುತ್ತ ಹೊಲ ಸುತ್ತಿದೆವು. ಗಿಡ ಮುಟ್ಟಿದ ಬೆರಳು ನೆಕ್ಕಿದರೆ ಹುಳಿ. ಸೀತನಿ ಮಾತ್ರ ಸಿಗಲಿಲ್ಲ. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು ತಿನ್ನುವುದು ಅದು. "ಇನ್ನೂ ಹದಿನೈದು ದಿನ ಬೇಕ್ರಿ" ಎಂದರು.

ಆದರೆ ಆ ಎಂಟು ಎಕರೆಯಲ್ಲಿ ಜೋಳ ಇದ್ದದ್ದು ಒಂದೂವರೆ ಎಕರೆ ಮಾತ್ರ. ಹಿಂದೆ ಐದು ಇತ್ತಂತೆ. ಈಗ ಉಳಿದದ್ದೆಲ್ಲ ಕಡಲೆ. ಕಾರಣ ಕೇಳಿದೆ. ಇಲ್ಲಿಯ ಮಾಲದಂಡಿ ಜೋಳವನ್ನು ಬೇರುಸಮೇತ ಕೈಯಿಂದ ಕೀಳಬೇಕು. ಬಿರಿದ ಎರೆನೆಲದಲ್ಲಿ ಬಗ್ಗಿ ಕಿತ್ತರೆ ಅಂಗೈಯಲ್ಲಿ ಬೊಕ್ಕೆ. ಆಳು ಸಿಗುವುದಿಲ್ಲ, ಸಿಕ್ಕಿದರೆ ಕೂಲಿ ಕೊಟ್ಟು ಪೂರೈಸುವುದಿಲ್ಲ. ಕಡಲೆಗಾದರೆ ಮಷಿನ್ ಇದೆ, ಬೆಂಬಲ ಬೆಲೆಯ ಖರೀದಿ ಇದೆ. ಮೊದಲು ದಂಟಿನ ಕಣಿಕೆಗಾಗಿಯಾದರೂ ಜೋಳ ಬೇಕಿತ್ತು. ಎತ್ತು ಮಾರಿದ ಮೇಲೆ ಆ ಕಾರಣವೂ ಹೋಯಿತು.

"ಮುಂದಿನ ವರ್ಷ ಜೋಳಾನ ಬ್ಯಾಡ ಅಂತ ಮಾಡೀನ್ರೀ" ಎಂದರು ಮಿತ್ರರು.

ತಾಯಿ ಸುಮ್ಮನಿದ್ದರು. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮ ಮನಿಗೆ ಅಕ್ಕಿ ನೀವ ಬೆಳಕೋತೀರೇನ್ರೀ?"

ನಮ್ಮ ಬೈಲಿನ ಗದ್ದೆಗೆ ಅಡಿಕೆ ಸಸಿ ಇಟ್ಟು ಇಪ್ಪತ್ತು ವರ್ಷ ದಾಟಿತು. "ಇಲ್ಲ ಅಮ್ಮಾ, ಅಂಗಡಿಯಿಂದ ತರುವುದು" ಎಂದೆ. ಅವರು ಮತ್ತೇನೂ ಹೇಳಲಿಲ್ಲ.

ಗಜೇಂದ್ರಗಡದ ನೀರು

ಮರುದಿನ ಗಜೇಂದ್ರಗಡ. ಮೊದಲು ರೋಣ ತಾಲ್ಲೂಕಿನಲ್ಲೇ ಇದ್ದ ಊರು, ಈಗ ಪ್ರತ್ಯೇಕ ತಾಲ್ಲೂಕು. ಗುಡ್ಡದ ಮೇಲೆ ಘೋರ್ಪಡೆಯವರ ಕೋಟೆ, ಸುತ್ತಲಿನ ದಿಣ್ಣೆಗಳ ಮೇಲೆ ಗಾಳಿಯಂತ್ರಗಳು. 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಒಪ್ಪಂದವಾದದ್ದು ಈ ಊರಿನ ಹೆಸರಿನಲ್ಲೇ. ನನಗೆ ಹಿಡಿಸಿದ್ದು ಕೋಟೆಗಿಂತ ಕಾಲಕಾಲೇಶ್ವರ. ಮೆಟ್ಟಿಲು ಹತ್ತಿ ಹೋದರೆ ಬಂಡೆಗೆ ಒರಗಿದ ಗುಡಿ. ಅಲ್ಲಿ ಮರದ ಬೇರಿನ ಸಂದಿಯಿಂದ ನೀರು ಜಿನುಗಿ ಹೊಂಡಕ್ಕೆ ಬೀಳುತ್ತದೆ. ಅಂತರಗಂಗೆ ಎನ್ನುತ್ತಾರೆ. ಬೇಸಗೆಯಲ್ಲೂ ನಿಲ್ಲುವುದಿಲ್ಲವಂತೆ. ಮೇಲಿನ ಗುಡ್ಡ ಕುಡಿದ ಮಳೆ ಕೆಳಗೆ ಹೀಗೆ ಬರುತ್ತದೆ. ನಮ್ಮ ಸುರಂಗದ ನೀರಿನ ಹಾಗೆಯೇ.

ಗಜೇಂದ್ರಗಡದಲ್ಲಿ ಕೈಮಗ್ಗ ಇನ್ನೂ ಉಳಿದಿದೆ. ಚೌಕುಳಿ ಒಡಲು, ಅಗಲ ಅಂಚಿನ ಹತ್ತಿಯ ಪಟ್ಟೇದಂಚು ಸೀರೆ ಇಲ್ಲಿಯದು. ಎರಡೂ ಮಗ್ಗುಲು ಒಂದೇ ಥರ, ಹೇಗೂ ಉಡಬಹುದು. ಮನೆಯವರಿಗೆ ಒಂದು ತಂದೆ. ಹೊಲದ ಕೆಲಸಕ್ಕೆ ಉಡಲು ಹೇಳಿ ಮಾಡಿಸಿದ ಬಟ್ಟೆ. ಈಗ ಪೇಟೆಯವರು ಹುಡುಕಿಕೊಂಡು ಬರುತ್ತಾರೆ.

ಹತ್ತಿರದ ಸೂಡಿಯನ್ನು ತಪ್ಪಿಸಬೇಡಿ. 11ನೆಯ ಶತಮಾನದ ಜೋಡುಕಳಸದ ಗುಡಿ, ನಾಗಕುಂಡವೆಂಬ ಮೆಟ್ಟಿಲ ಹೊಂಡ. ಮಳೆ ಕಡಿಮೆಯ ಊರಿನವರು ನೀರಿಗೆ ಎಷ್ಟು ಮರ್ಯಾದೆ ಕೊಟ್ಟಿದ್ದರೆಂದು ಅದರ ಗೋಡೆಯ ಕೆತ್ತನೆ ನೋಡಿದರೆ ತಿಳಿಯುತ್ತದೆ. ರೋಣ ಪೇಟೆಯಲ್ಲೂ ಹಳೆಯ ಗುಡಿಗಳಿವೆ, ಭೀಮಸೇನ ಜೋಶಿಯವರು ನಮ್ಮೂರವರು ಎಂಬ ಹೆಮ್ಮೆಯೂ ಇದೆ. ನಾನು ಬಸ್ಸಿನ ಗಡಿಬಿಡಿಯಲ್ಲಿ ಗುಡಿಗಳನ್ನು ಸರಿಯಾಗಿ ನೋಡಲಿಲ್ಲ.

ಹಗೇವಿನ ಮೇಲಿನ ಊರು

ಮೂರನೆಯ ದಿನ ನರಗುಂದ. ಬಿಸಿಲೇರುವ ಮೊದಲು ಗುಡ್ಡ ಹತ್ತಿದೆವು. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು, ಆ ವರ್ಷವೇ ಬೆಳಗಾವಿಯಲ್ಲಿ ಗಲ್ಲಿಗೇರಿದ ಬಾಬಾಸಾಹೇಬರ ಕೋಟೆ ಮೇಲಿದೆ. ಅಲ್ಲಿ ನಿಂತು ನೋಡಿದರೆ ಸುತ್ತಲೂ ಕಣ್ಣು ಹರಿಯುವಷ್ಟು ದೂರ ಕಪ್ಪು ನೆಲ, ನಡುವೆ ಮಲಪ್ರಭೆಯ ಕಾಲುವೆಗಳು.

ಕೆಳಗಿಳಿದು ರೈತರ ವೀರಗಲ್ಲಿಗೆ ಹೋದೆವು. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಎಷ್ಟೋ ಹೊಲಕ್ಕೆ ನೀರು ಮುಟ್ಟಿರಲಿಲ್ಲ, ಮುಟ್ಟಿದ ಕೆಲವು ಸವುಳಾಗಿದ್ದವು, ಹತ್ತಿಯ ಬೆಲೆ ಬಿದ್ದಿತ್ತು. ಆಗಲೇ ಅಭಿವೃದ್ಧಿ ಕರ ಕಟ್ಟಿ ಎಂದು ಒತ್ತಾಯ ಬಂತು. 1980ರ ಜುಲೈ 21ರಂದು ನಡೆದ ಗೋಲಿಬಾರಿನಲ್ಲಿ ಇಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ತೀರಿಕೊಂಡರು. ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ರಾಜ್ಯ ರೈತ ಸಂಘ ಹುಟ್ಟಿದ್ದು ಅದೇ ವರ್ಷ. ಮಹದಾಯಿ ನೀರಿಗಾಗಿ 2015ರಲ್ಲಿ ಧರಣಿ ಕೂತದ್ದೂ ಇದೇ ಊರಿನಲ್ಲಿ. ನಮ್ಮ ಕಡೆಯಿಂದ ಪ್ರವಾಸ ಹೋಗುವವರು ಐದು ನಿಮಿಷ ಇಲ್ಲಿ ನಿಲ್ಲಬೇಕು.

ಇನ್ನೊಂದು ಸಂಗತಿ ನನ್ನನ್ನು ಈಗಲೂ ಬಿಟ್ಟಿಲ್ಲ. ಜೋಳ ತುಂಬಿಡಲು ಹಿಂದಿನವರು ನೆಲದೊಳಗೆ ಗುಡಾಣದಂತಹ ಹಗೇವು ತೋಡುತ್ತಿದ್ದರು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ ಕಾಳು ಸುರಿದು, ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಗಾಳಿಯಾಡದು, ಹುಳ ಹಿಡಿಯದು. ತೆಗೆದ ಕೂಡಲೇ ಇಳಿದರೆ ಕೆಟ್ಟ ಗಾಳಿಗೆ ಪ್ರಾಣ ಹೋಗುವುದೂ ಇತ್ತು, ಅದಕ್ಕೆ ಮೊದಲು ದೀಪ ಇಳಿಸಿ ನೋಡುತ್ತಿದ್ದರು. ಆ ಹಗೇವುಗಳನ್ನು ಮರೆತು ಜನ ಮೇಲೆ ಮನೆ ಕಟ್ಟಿದರು. ಕಾಲುವೆ ಬಂದ ಮೇಲೆ ಅಂತರ್ಜಲ ಮೇಲೇರಿತು. 2019, 2020ರಲ್ಲಿ ನರಗುಂದದ ಓಣಿಗಳಲ್ಲಿ, ಮನೆಗಳ ಒಳಗೆ ನೆಲ ದಿಢೀರನೆ ಕುಸಿಯತೊಡಗಿತು. ಹಗೇವು ಮತ್ತು ಮೇಲೆದ್ದ ನೀರು ಎರಡೂ ಇದಕ್ಕೆ ಕಾರಣವೆಂಬ ಮಾತು ಪತ್ರಿಕೆಗಳಲ್ಲೂ ಬಂದಿತ್ತು. ಬೋರು ಒಣಗಿತೆಂದು ಅಳುವವರನ್ನು ನೋಡಿದ್ದೆ. ನೀರು ಏರಿ ಮನೆ ಕುಸಿದ ಊರು ನೋಡಿದ್ದು ಇದೇ ಮೊದಲು.

ಹೋಗುವವರಿಗೆ ನಾಲ್ಕು ಮಾತು. ರೋಣಕ್ಕೆ ಮಲ್ಲಾಪುರ ರೈಲ್ವೆ ಸ್ಟೇಷನ್ ಹತ್ತಿರ. ನರಗುಂದ ಹುಬ್ಬಳ್ಳಿ-ವಿಜಯಪುರ ರಸ್ತೆಯಲ್ಲಿದೆ, ಬಸ್ಸಿಗೆ ಕೊರತೆಯಿಲ್ಲ. ಡಿಸೆಂಬರ್, ಜನವರಿ ಒಳ್ಳೆಯದು, ಬೇಸಗೆ ಬೇಡ. ಊಟಕ್ಕೆ ಹೋಟೆಲ್ ಹುಡುಕಬೇಡಿ, ಖಾನಾವಳಿಗೆ ಹೋಗಿ. ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಗಿರ್ಮಿಟ್ಟು, ಬಿಸಿ ಮಿರ್ಚಿ ಸಿಗುತ್ತದೆ. ಮಿರ್ಚಿಯ ಖಾರ ನಮ್ಮವರಿಗೆ ಒಂದೇ ಸಾಕು. ಮಳೆ ಬಂದಾಗ ಎರೆಹೊಲಕ್ಕೆ ಚಪ್ಪಲಿ ಹಾಕಿ ಇಳಿದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ.

ಹೊರಡುವಾಗ ಆ ತಾಯಿ ಕಟಕು ರೊಟ್ಟಿ ಮತ್ತು ಗುರೆಳ್ಳು ಹಿಂಡಿ ಕಟ್ಟಿಕೊಟ್ಟರು. ದುಡ್ಡಿನ ಮಾತೆತ್ತಿದ್ದಕ್ಕೆ ಬೈಸಿಕೊಂಡೆ. ಮನೆಗೆ ಬಂದ ಮೇಲೂ ರೊಟ್ಟಿ ಹದಿನೈದು ದಿನ ಗರಿಗರಿಯಾಗಿಯೇ ಇತ್ತು.

ಈ ಹಿಂಗಾರಿಯಲ್ಲಿ ಮಿತ್ರರಿಗೆ ಫೋನ್ ಮಾಡಿ ಬಿತ್ತನೆ ವಿಚಾರಿಸಿದೆ. "ಎಲ್ಲಾ ಕಡ್ಲೀನ ಹಾಕೀನ್ರೀ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಅವ್ವ ಬಿಡಲಿಲ್ರೀ, ಬದುವಿನ ಬಾಜೂಕ ಅರ್ಧಾ ಎಕರೆ ಜೋಳ ಐತಿ. ಸೀತನಿಗೆ ಬರ್ರೀ."